ಕಾಲ್ದೆಸೆಯ ಮಡಿಕೆ

ಬೆಳಿಗ್ಗೆ ಆರೂವರೆಗೆ ಹಾಸಿಗೆ ಸರಿಮಾಡುತ್ತ ನಿಂತಿದ್ದ ಪೊನ್ನಣ್ಣನಿಗೆ ಇವತ್ತಿನ ಪರೀಕ್ಷೆ ಚಿರಂತನಿಗೋ ತನಗೋ ಎಂಬುದೇ ಬಗೆಹರಿಯಲಿಲ್ಲ. ಕಂಬಳಿಯ ಅಂಚನ್ನೆತ್ತಿ, ನಲವತ್ತೈದು ಡಿಗ್ರಿ ಕೋನಕ್ಕೆ ಮಡಿಸಿ, ಗಾದಿಯ ಕೆಳಗೆ ಅಂಗೈಯಿಂದ ತಳ್ಳಿ, ಮೇಲಿಂದ ಒಮ್ಮೆ ಸವರಿದ. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ, ಸುಬೇದಾರನಾಗಿ ನಿವೃತ್ತನಾದ ಮೇಲೆ ದೆಹಲಿಯ ಮಯೂರ್ ವಿಹಾರದ ಈ ಫ್ಲಾಟಿನಲ್ಲಿ ಒಂಬತ್ತು ವರ್ಷ, ಒಂದು ದಿನವೂ ತಪ್ಪದೆ ಅವನ ಕೈ ಮಾಡಿದ ಕೆಲಸ ಇದು. ಒಮ್ಮೆ ಡೆಂಗ್ಯೂ ಬಂದಾಗಲೂ ಎದ್ದು ಹಾಸಿಗೆ ಮಾಡಿ, ಮಾಡಿದ ಹಾಸಿಗೆ ಕೆಡಬಾರದೆಂದು ಕುರ್ಚಿಯಲ್ಲಿ ಕೂತು ನರಳಿದ ಆಸಾಮಿ. ಬಾಗಿಲಲ್ಲಿ ಚೋಂದಮ್ಮ ಎರಡು ಲೋಟ ಕಾಫಿ ಹಿಡಿದು ನಿಂತಿದ್ದಳು. "ಬಿಗೀರಿ, ಇನ್ನೂ ಬಿಗೀರಿ. ಕಾಲು ತೂರಿಸೋದಕ್ಕೆ ನಾನು ದಿನಾ ಒದ್ದಾಡಬೇಕಲ್ಲ," ಎಂದಳು. ಮದುವೆಯಾಗಿ ಮೂವತ್ತನಾಲ್ಕು ವರ್ಷದಿಂದ ಅವಳು ಇದನ್ನೇ ಹೇಳುತ್ತಿದ್ದಳು, ಅವನೂ ಅಷ್ಟೇ ವರ್ಷದಿಂದ ಇದನ್ನು ತಮಾಷೆ ಎಂದುಕೊಂಡು ನಗುತ್ತಿದ್ದ. ಇವತ್ತು ನಗಲಾಗಲಿಲ್ಲ. "ಇವತ್ತು ಚಿರಂತನದು ಕಡೇ ದಿನ," ಎಂದ. "ಕಡೇ ದಿನ ಅಂದ್ರೆ?" "ಮೂರು ತಿಂಗಳ ಟ್ರಯಲ್ ಮುಗೀತು. ಹೋಟೆಲಿನ ಗುಲಾಟಿ ಒಬ್ಬನೇ ಬಂದು ರೂಮುಗಳನ್ನ ನೋಡ್ತಾನೆ. ಸರಿಯಿದ್ರೆ ಪರ್ಮನೆಂಟ್, ಇಲ್ಲಾಂದ್ರೆ ಮನೆಗೆ. ನಾನು ಮೇಲೆ ಹೋಗೋ ಹಾಗಿಲ್ಲ." ಚೋಂದಮ್ಮ ಕಾಫಿಯ ಲೋಟವನ್ನು ಅವನ ಕೈಗಿಟ್ಟು, "ನೀವು ಹೋಗದಿದ್ರೆ ಆ ಹುಡುಗ ಪಾಸಾದ ಹಾಗೇ," ಎಂದಳು. ಅದೂ ತಮಾಷೆಯೇ ಇರಬೇಕೆಂದು ಅವನು ಮಫ್ಲರು ಹುಡುಕಲು ಹೋದ.

ಅವನ ಕೆಲಸವನ್ನು ಯಾರಿಗಾದರೂ ವಿವರಿಸುವುದೇ ಕಷ್ಟ. ಸೊಸೈಟಿಯ ಇತರ ನಿವೃತ್ತರು ಬ್ಯಾಂಕಿನ ಸೆಕ್ಯುರಿಟಿಯೋ, ಶಾಲೆಯ ಆಡಳಿತವೋ ಹಿಡಿದಿದ್ದರೆ ಪೊನ್ನಣ್ಣ ಅಂಗವಿಕಲರಿಗೆ ಕೆಲಸ ಹುಡುಕಿಕೊಡುವ ಒಂದು ಸಣ್ಣ ಸಂಸ್ಥೆ ಸೇರಿದ್ದ. ಕೆಲಸ ಹುಡುಕುವುದು ಅರ್ಧ ಭಾಗ ಮಾತ್ರ. ಉಳಿದರ್ಧ, ಅವರ ಜೊತೆಗೇ ಹೋಗಿ, ಕೆಲಸವನ್ನು ಚೂರುಚೂರಾಗಿ ಬಿಡಿಸಿ ಕಲಿಸಿ, ಆಮೇಲೆ ಅಲ್ಲಿಂದ ಮಾಯವಾಗುವುದು. ಮಾಯವಾಗುವುದಕ್ಕೂ ಲೆಕ್ಕವಿತ್ತು. ಸಂಸ್ಥೆ ನಡೆಸುವ ಹಂಸಿನಿ ಅವನ ಮಗಳು ನಿಶಿತಾಳಿಗಿಂತ ಎರಡು ವರ್ಷ ಚಿಕ್ಕವಳು; ಆ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟಿದ್ದಳು: ಎರಡು ವಾರ ಪಕ್ಕದಲ್ಲಿ, ಎರಡು ವಾರ ಬಾಗಿಲಲ್ಲಿ, ಐದನೇ ವಾರದಿಂದ ಕೆಳಗೆ ಸೋಫಾದ ಮೇಲೆ, ಮೂರು ತಿಂಗಳಾದ ಮೇಲೆ ಅದೂ ಇಲ್ಲ. "ಅಂಕಲ್, ಅವರು ಕೆಲಸ ಮಾಡುವಾಗ ನಿಮ್ಮ ಎರಡೂ ಕೈ ಪ್ಯಾಂಟಿನ ಜೇಬಲ್ಲಿರಬೇಕು," ಎಂದು ಎಲ್ಲರೆದುರು ಹೇಳಿ, ಅವನ ಕೈ ಹೊರಗೆ ಬಂದಾಗಲೆಲ್ಲ ಗಂಟಲು ಸರಿಮಾಡಿಕೊಂಡಿದ್ದಳು. ಅರವತ್ತು ದಾಟಿದ, ಗಡಿಯ ಹಿಮದಲ್ಲಿ ಪ್ಲಟೂನು ನಡೆಸಿದ ಗಂಡಸು ಜೇಬಲ್ಲಿ ಕೈಯಿಟ್ಟುಕೊಂಡು ನಿಲ್ಲುವ ತರಬೇತಿ ಪಡೆದ. ನಿಶಿತಾ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಿದ್ದಳು. "ಪಪ್ಪಾ, ನಿಮ್ಮ ದಯೆಯಿಂದ ಆರನೇ ಕ್ಲಾಸಿನವರೆಗೂ ನನಗೆ ಶೂ ಲೇಸ್ ಕಟ್ಟೋಕೇ ಬರ್ತಿರಲಿಲ್ಲ, ನೆನಪಿದೆಯಾ? ಆ ಹುಡುಗೀಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿ." ಅವನಿಗೆ ನೆನಪಿದ್ದದ್ದು ಬೇರೆ. ಸ್ಕೂಲ್ ಬಸ್ಸಿನ ಹಾರ್ನು, ಎದುರಿಗೆ ಚಾಚಿದ ಆ ಪುಟ್ಟ ಕಾಲು, ತಾನು ಕಟ್ಟಿದರೆ ಎರಡೇ ಸೆಕೆಂಡು ಎಂಬ ಹಿಗ್ಗು. ಹಿಗ್ಗು ತಪ್ಪೇ?

ಮೆಟ್ರೋ ಪ್ಲಾಟ್‌ಫಾರಂನಲ್ಲಿ ಜನವರಿಯ ಮಂಜು ಕಂಬಿಗಳ ಮೇಲೇ ಕೂತಿತ್ತು. ಚಿರಂತ್ ಎಂದಿನ ಜಾಗದಲ್ಲಿ, ಎಂದಿನ ನೀಲಿ ಜಾಕೆಟ್ಟಿನಲ್ಲಿ, ಹಳದಿ ಗೆರೆಯಿಂದ ಸರಿಯಾಗಿ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಇಪ್ಪತ್ತಾರು ವರ್ಷ, ಗಿಡ್ಡ, ದುಂಡಗೆ, ಡೌನ್ ಸಿಂಡ್ರೋಮ್ ಇರುವವರ ಸಣ್ಣ ಓರೆಗಣ್ಣು. ಆ ಕಣ್ಣಿಗೆ ಏನು ಕಂಡಿತು ಏನು ಕಾಣಲಿಲ್ಲ ಎಂದು ಹೇಳಲು ಬರುತ್ತಿರಲಿಲ್ಲ. ದೆಹಲಿಯಲ್ಲೇ ಹುಟ್ಟಿ ಬೆಳೆದವನು. ತಾಯಿ ರತ್ನಾ ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ. ಪೊನ್ನಣ್ಣ ಕಂಬದ ಹಿಂದೆ ನಿಂತು, ರೈಲು ಬಂದಾಗ ಪಕ್ಕದ ಬೋಗಿ ಹತ್ತಿದ. ಇದೂ ನಿಯಮಕ್ಕೆ ವಿರುದ್ಧ. ಚಿರಂತ್ ಒಬ್ಬನೇ ಓಡಾಡಲು ಕಲಿತು ಎರಡು ತಿಂಗಳಾಯಿತು. ಪಕ್ಕದ ಬೋಗಿಯಿಂದ ಕತ್ತು ಚಾಚಿ ಅವನ ನೀಲಿ ಜಾಕೆಟ್ಟನ್ನು ಗುರುತಿಸಿಕೊಳ್ಳುವ ಈ ಕಳ್ಳತನಕ್ಕೂ ಎರಡು ತಿಂಗಳಾಯಿತು. ಆದರೆ ಅದು ಚಿಕ್ಕ ಕಳ್ಳತನ. ದೊಡ್ಡದು ಹೋಟೆಲಿನ ಮೂರನೇ ಮಹಡಿಯಲ್ಲಿತ್ತು. ಯಮುನೆ ದಾಟುವಾಗ ಮಂಜಿನಲ್ಲಿ ನದಿಯೇ ಕಾಣಲಿಲ್ಲ, ಗಾಜಿನಲ್ಲಿ ಕಂಡದ್ದು ತನ್ನದೇ ಮೀಸೆ. ಐದನೇ ವಾರದಿಂದ ಅವನು ಸೋಫಾದ ಮೇಲೆ ಕೂರಲೇ ಇಲ್ಲ. ಚಿರಂತ್ ಒಂದು ಕೋಣೆಯ ಹಾಸಿಗೆ ಮಾಡಿ ಗಾಡಿ ತಳ್ಳಿಕೊಂಡು ಮುಂದಿನ ಕೋಣೆಗೆ ಹೋದೊಡನೆ ಇವನು ಮೆಟ್ಟಿಲಿನಿಂದ ನುಸುಳಿ ಬಂದು, ಒಳಗೆ ಹೋಗಿ, ಕಾಲ್ದೆಸೆಯ ಎರಡು ಮೂಲೆ ಬಿಗಿದು ಬರುತ್ತಿದ್ದ. ಚಿರಂತ್ ಚೆನ್ನಾಗಿಯೇ ಮಾಡುತ್ತಿದ್ದ, ಆದರೆ ಸೈನ್ಯದ ಚೆನ್ನಾಗಿ ಅಲ್ಲ. ಒಂದು ಕೋಣೆಗೆ ಒಂದೇ ನಿಮಿಷ, ಹನ್ನೊಂದು ಕೋಣೆಗೆ ಹನ್ನೊಂದು ನಿಮಿಷ. ಹನ್ನೊಂದು ಗಂಟೆಗೆ ಸಂಸ್ಥೆಗೆ ಹೊರಡುವ ಮುಂಚೆ ಕೆಳಗೆ ಕೌಂಟರಿನ ಬಳಿ ನಿಂತು, ದಿನದ ವರದಿಯ ನಮೂನೆಯ 'ಇವತ್ತು ನೀಡಿದ ಸಹಾಯ' ಎಂಬ ಮನೆಯಲ್ಲಿ 'ಬೇಕಾಗಲಿಲ್ಲ' ಎಂದು ಬರೆದು ಸಹಿ ಮಾಡುತ್ತಿದ್ದ. ನಲವತ್ತೆಂಟು ದಿನ, ನಲವತ್ತೆಂಟು ಸುಳ್ಳು. ಹಂಸಿನಿ ಆ ಹಾಳೆಗಳನ್ನು ಬೇರೆಯವರಿಗೆಲ್ಲ ಮಾದರಿ ಎಂದು ತೋರಿಸಿದ್ದಳು. ಗುಲಾಟಿ, ಆ ಹೋಟೆಲಿನ ಮ್ಯಾನೇಜರು, "ಆಪ್ ಕಾ ಲಡ್ಕಾ ಕಮಾಲ್ ಹೈ" ಎಂದು ಹುಡುಗನನ್ನು ಹೊಗಳಿದಾಗಲೆಲ್ಲ ಪೊನ್ನಣ್ಣನ ಕಿವಿ ಬಿಸಿಯಾಗುತ್ತಿತ್ತು. ಕಮಾಲ್ ಯಾರದು? ಇವತ್ತು ಗೊತ್ತಾಗುತ್ತದೆ. ಇವತ್ತು ಮೇಲೆ ಹೋಗಬೇಡಿ ಎಂದು ಗುಲಾಟಿಯೇ ಹೇಳಿದ್ದಾನೆ. ತಾನು ತಿದ್ದದ ಹಾಸಿಗೆ ನೋಡುತ್ತಾನೆ, ಹುಡುಗನನ್ನು ಮನೆಗೆ ಕಳಿಸುತ್ತಾನೆ, ರತ್ನಾ ಬಾಗಿಲು ತೆಗೆದು ಮಗನ ಮುಖ ನೋಡುತ್ತಾಳೆ, ಅದಕ್ಕೆಲ್ಲ ಕಾರಣ ಕಲಿಸಬೇಕಾದವನು ಕಲಿಸದೆ ತಿದ್ದುತ್ತ ಕೂತದ್ದು.

ಆದರೆ ಬಿಟ್ಟು ಬಂದರೆ ಏನಾಗುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಮಹಂತೇಶ. ರಾಜೀವ್ ಚೌಕದಲ್ಲಿ ಜನ ನುಗ್ಗಿ ಬಂದು ಅವನನ್ನು ಬಾಗಿಲಿಗೊತ್ತಿದಾಗ ಆ ಹೆಸರು ಎದೆಗೆ ಒತ್ತಿದಂತಾಯಿತು. ಕಲಬುರಗಿ ಕಡೆಯ ಹುಡುಗ, ಒಂದು ಕಾಲಿಗೆ ಪೋಲಿಯೋ, ಬಾಯಿ ತುಂಬ ಮಾತು. ಹೋದ ವರ್ಷ ನೋಯ್ಡಾದ ಒಂದು ಪ್ಯಾಕಿಂಗ್ ಘಟಕದಲ್ಲಿ ಅವನಿಗೆ ಕೆಲಸ ಸಿಕ್ಕಿತು. ಎರಡೇ ದಿನದಲ್ಲಿ ಕಲಿತ. ಇವನ ಕೈಚಳಕಕ್ಕೆ ನಾನ್ಯಾಕೆ ಎಂದು ಪೊನ್ನಣ್ಣ ಮೂರನೇ ದಿನಕ್ಕೇ ಮಾಯವಾದ. ಹತ್ತೊಂಬತ್ತನೇ ದಿನ ಮಹಂತೇಶ ಕೆಲಸ ಬಿಟ್ಟ. ಅಲ್ಲಿ ಎಂಟು ಗಂಟೆ ನಿಂತೇ ಇರಬೇಕಿತ್ತು, ಒಂದು ಸ್ಟೂಲು ಇರಲಿಲ್ಲ. ಸ್ಟೂಲು ಕೊಡಿ ಎಂದು ಪೊನ್ನಣ್ಣ ಕೇಳಿರಲಿಲ್ಲ, ಹೊಳೆದೇ ಇರಲಿಲ್ಲ. ನಿಲ್ಲುವುದು ಅವನಿಗೆ ಕೆಲಸವೇ ಅಲ್ಲ, ಸೈನ್ಯದಲ್ಲಿ ಎಷ್ಟು ನಿಂತಿಲ್ಲ! ಕೇಳಿದರೆ ತೆಗೆದುಹಾಕುತ್ತಾರೆಂದು ಹೆದರಿ ಮಹಂತೇಶನೂ ಕೇಳಿರಲಿಲ್ಲ. "ನೀವು ಒಂದ್ ಸಲ ಕೇಳಿದ್ರ ಹೇಳ್ತಿದ್ನಿರಿ ಸರ್," ಎಂದಿದ್ದ, ಬಯ್ಯದೆ, ನಗುತ್ತ. ಬಯ್ದಿದ್ದರೆ ಚೆನ್ನಾಗಿತ್ತು. ಆ ನಗುವಿಗೆ ಹೆದರಿಯೇ ಅಲ್ಲವೇ ಚಿರಂತನ ಕೋಣೆಗಳಿಗೆ ಕಳ್ಳನ ಹಾಗೆ ನುಸುಳಿದ್ದು. ಕರೋಲ್ ಬಾಗ್‌ನಲ್ಲಿ ಇಳಿಯುವಾಗ ನೀಲಿ ಜಾಕೆಟ್ಟು ಆಗಲೇ ಎಸ್ಕಲೇಟರಿನ ಮೇಲಿತ್ತು, ಬಲಗಡೆಗೆ ಒತ್ತಿ ನಿಂತು, ಎಡಗಡೆ ಜನಕ್ಕೆ ದಾರಿ ಬಿಟ್ಟು.

ಹೋಟೆಲು ಮದುವೆ ಬಟ್ಟೆಯ ಅಂಗಡಿಗಳ ನಡುವೆ ಸಿಕ್ಕಿಕೊಂಡ ನಾಲ್ಕು ಮಹಡಿಯ ಕಟ್ಟಡ. ವ್ಯಾಪಾರಕ್ಕೆ ಬಂದವರು, ಮದುವೆ ಜವಳಿಗೆ ಬಂದವರು ಅಲ್ಲಿ ಇಳಿಯುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಹೊಸ ಗಿರಾಕಿಗಳು ಬರುವ ಹೊತ್ತಿಗೆ ಕೋಣೆಗಳು ಸಿದ್ಧವಾಗಿರಬೇಕು. ಪೊನ್ನಣ್ಣ ಸೋಫಾದ ಮೇಲೆ ಕೂತ, ಈ ಸಲ ನಿಜವಾಗಿಯೂ. ಸೋಫಾದ ಸ್ಪ್ರಿಂಗು ಇಷ್ಟು ಕೆಟ್ಟದೆಂದು ಮೂರು ತಿಂಗಳಲ್ಲಿ ಮೊದಲ ಸಲ ತಿಳಿಯಿತು. ಯಾರೋ ಗಿರಾಕಿ ಅವನ ಮಫ್ಲರು, ಪಾಲಿಶ್ ಮಾಡಿದ ಶೂ, ನೆಟ್ಟಗಿನ ಬೆನ್ನು ನೋಡಿ, "ಭಯ್ಯಾ, ಗಾಡಿ ನಿಕಾಲೋ," ಎಂದ. ತಾನು ಡ್ರೈವರಲ್ಲ ಎಂದು ಹೇಳಲು ಎದ್ದು ನಿಲ್ಲಬೇಕಾಯಿತು. ಎದ್ದು ನಿಂತದ್ದು ಸೆಲ್ಯೂಟಿನಂತೆ ಆಗಿ, ಆತ ಇನ್ನಷ್ಟು ಖಾತ್ರಿಯಾಗಿ ಬೀಗದ ಕೈ ಚಾಚಿದ. ಹತ್ತು ಗಂಟೆ. ಹತ್ತೂಕಾಲು. ಈಗ ಚಿರಂತ್ ಮುನ್ನೂರ ನಾಲ್ಕರಲ್ಲಿರಬೇಕು. ಅವನ ಏಪ್ರನ್ನಿನ ಜೇಬಿನಲ್ಲಿ ಒಂದು ಉಂಗುರಕ್ಕೆ ಪೋಣಿಸಿದ ಒಂಬತ್ತು ಕಾರ್ಡುಗಳಿವೆ, ಪೊನ್ನಣ್ಣನೇ ಫೋಟೋ ಅಂಟಿಸಿ ಪ್ಲಾಸ್ಟಿಕ್ ಹಾಕಿಸಿದ್ದು: ಬಾಗಿಲು ತಟ್ಟು, ಕಿಟಕಿ ತೆರೆ, ಹಳೆಯ ಚಾದರ ತೆಗೆ, ಹೀಗೆ. ಎಂಟನೆಯ ಕಾರ್ಡು, ಮೂಲೆ. ಅದರಲ್ಲಿರುವುದು ಪೊನ್ನಣ್ಣನ ಕೈಯ ಫೋಟೋ. ಹತ್ತೂವರೆ. ಮೇಲೆ ಹೋಗಿ ನೋಡುವುದೇನೂ ತಿದ್ದಿದಂತಲ್ಲ. ಜೇಬಲ್ಲಿ ಕೈಯಿಟ್ಟುಕೊಂಡೇ ನೋಡಬಹುದು. ಹಂಸಿನಿಯ ನಿಯಮದಲ್ಲಿ ಕಣ್ಣಿನ ಬಗ್ಗೆ ಏನೂ ಇರಲಿಲ್ಲ. ಇಷ್ಟು ವಾದ ಮುಗಿಯುವಷ್ಟರಲ್ಲಿ ಅವನು ಎರಡನೇ ಮಹಡಿಯ ಮೆಟ್ಟಿಲಿನಲ್ಲಿದ್ದ.

ಮುನ್ನೂರ ನಾಲ್ಕರ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಕಾರಿಡಾರಿನ ಕೊನೆಯಲ್ಲಿ ಗಾಡಿಯ ಚಕ್ರ ಕಿರುಗುಟ್ಟುವುದು ಕೇಳಿಸುತ್ತಿತ್ತು. ಪೊನ್ನಣ್ಣ ಜೇಬಿನಲ್ಲಿ ಕೈಯಿಟ್ಟುಕೊಂಡೇ ಹಾಸಿಗೆ ನೋಡಿದ. ಚಾದರ ಬಿಳಿ, ದಿಂಬು ನೇರ, ಎಡಬಲ ಒಪ್ಪ. ಆದರೆ ಕಾಲ್ದೆಸೆಯಲ್ಲಿ ಕಂಬಳಿ ಸುಮ್ಮನೆ ಇಳಿಬಿದ್ದಿತ್ತು. ಮಡಿಕೆಯಿಲ್ಲ, ಮೂಲೆಯಿಲ್ಲ, ಗಾದಿಯ ಕೆಳಗೆ ಒಂದಂಗುಲವೂ ತೂರಿಸಿಲ್ಲ. ಮರೆತಿದ್ದಾನೆ. ತಾನು ದಿನಾ ಬಿಗಿಯುತ್ತಿದ್ದುದರಿಂದ ಮೂಲೆ ಎಂಬುದೇ ತನ್ನಷ್ಟಕ್ಕೆ ಆಗುವಂಥದ್ದು ಎಂದುಕೊಂಡಿದ್ದಾನೆ, ಪಾಪ! ಎಲ್ಲ ತನ್ನದೇ ಕರ್ಮ. ನಿಶಿತಾಳ ಲೇಸು ಕಣ್ಣ ಮುಂದೆ ಬಂತು, ಪರೀಕ್ಷೆಯ ದಿನ ಬಿಚ್ಚಿಹೋದ ಲೇಸು. ಆಗ ಏನು ಮಾಡಿದ್ದ? ಮೊಣಕಾಲೂರಿ ಕಟ್ಟಿದ್ದ. ಈಗಲೂ ಮೊಣಕಾಲೂರಿದ. ಎರಡು ಕೈ ತಾವಾಗಿಯೇ ಹೊರಗೆ ಬಂದು, ಎತ್ತಿ, ಮಡಿಸಿ, ತಳ್ಳಿ, ಸವರಿದವು. ಹಾ! ಎಂಥ ಸಮಾಧಾನ. ಮುನ್ನೂರ ಐದರ ಬಾಗಿಲು ಮುಚ್ಚಿತ್ತು. ಮುನ್ನೂರ ಆರು, ಅಲ್ಲೂ ಅದೇ ಕಥೆ, ಅಲ್ಲೂ ಬಿಗಿದ. ಮುನ್ನೂರ ಏಳರಲ್ಲಿ ಸೆಕೆಯಾಗಿ ಮಫ್ಲರನ್ನು ಕುರ್ಚಿಯ ಮೇಲೆಸೆದು ಎರಡನೆಯ ಮೂಲೆಗೆ ಅಂಗೈ ತೂರಿಸಿದ್ದ, ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದ ಸದ್ದು, ಗುಲಾಟಿಯ ಕೆಮ್ಮು. ಹೊರಗೆ ಹೋದರೆ ನೇರ ಅವನ ಎದೆಗೇ. ನಿವೃತ್ತ ಸುಬೇದಾರ ಪೊನ್ನಣ್ಣ, ಎರಡು ಪದಕಗಳ ಧಣಿ, ಬಾತ್‌ರೂಮಿಗೆ ಹೊಕ್ಕು ಬಾಗಿಲು ಮುಂದೆ ಮಾಡಿಕೊಂಡ.

ಬಾಗಿಲ ಸಂದಿಯಿಂದ ಹಾಸಿಗೆಯ ಅರ್ಧ, ಕುರ್ಚಿ, ಅದರ ಮೇಲೆ ತನ್ನ ಕಂದು ಮಫ್ಲರು ಕಾಣುತ್ತಿತ್ತು. ಮಫ್ಲರು! ಚೋಂದಮ್ಮ ಹೆಣೆದದ್ದು, ಕರೋಲ್ ಬಾಗ್‌ನಲ್ಲೆಲ್ಲ ಅಂಥದ್ದು ಒಂದೇ. ಹೆಜ್ಜೆಗಳು ಮೊದಲ ಮೂರು ಕೋಣೆ ಮುಗಿಸಿ ಮುನ್ನೂರ ನಾಲ್ಕಕ್ಕೆ ಹೋದವು, ಐದಕ್ಕೆ, ಆರಕ್ಕೆ ಹೋದವು, ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತವು. ಗಾಡಿಯನ್ನು ಬಾಗಿಲಲ್ಲಿ ನಿಲ್ಲಿಸಿ ಮೊದಲು ಒಳಗೆ ಬಂದವನು ಚಿರಂತ್. ಹಾಸಿಗೆ ನೋಡಿದ, ಕುರ್ಚಿ ನೋಡಿದ, ಬಾತ್‌ರೂಮಿನ ಬಾಗಿಲು ನೋಡಿದ. ಆ ಸಣ್ಣ ಓರೆಗಣ್ಣು ಸಂದಿಯ ಮೇಲೆ ಒಂದು ಕ್ಷಣ ನಿಂತಿತು, ಅಥವಾ ನಿಂತಂತೆ ಇವನಿಗನ್ನಿಸಿತು. ಆಮೇಲೆ ಚಿರಂತ್ ಮಫ್ಲರನ್ನೆತ್ತಿ, ನಾಲ್ಕಾಗಿ ಮಡಿಸಿ, ಬಾಗಿಲ ಹೊರಗಿದ್ದ ಗಾಡಿಯ ಟವೆಲುಗಳ ಕೆಳಗೆ ತೂರಿಸಿಟ್ಟು ಬಂದು, ಏನೂ ಆಗದವನಂತೆ ನಿಂತ. ಗುಲಾಟಿ ಬಂದ.

"ಯೇ ಕ್ಯಾ ಹೈ, ಚಿರಂತ್?" ಗುಲಾಟಿಯ ಬೆರಳು ಕಾಲ್ದೆಸೆಯ ಕಡೆಗಿತ್ತು. "ಮತ್ತೆ ಪಾರ್ಸಲ್ ಕಟ್ಟೋಕೆ ಶುರು ಮಾಡಿದೆಯಾ? ನಾಲ್ಕರಲ್ಲಿ ಹೀಗೇ, ಆರರಲ್ಲಿ ಹೀಗೇ, ಇಲ್ಲೂ ಹೀಗೇ. ಒಂದು, ಎರಡು, ಮೂರು, ಐದು, ಎಲ್ಲ ಫಸ್ಟ್ ಕ್ಲಾಸ್ ಮಾಡಿದೀಯ. ಈ ಮೂರಕ್ಕೆ ಏನಾಯ್ತು? ಎರಡು ತಿಂಗಳಿಂದ ಒಂದು ಕಂಪ್ಲೇಂಟ್ ಇರಲಿಲ್ಲ. ಇವತ್ತೇ, ಪರೀಕ್ಷೆ ದಿನವೇ?"

ಚಿರಂತ್ ಏಪ್ರನ್ನಿನ ಜೇಬಿನ ಮೇಲೆ ಕೈಯಿಟ್ಟುಕೊಂಡ.

"ಯಾರು ಮಾಡಿದ್ದು ಇದು? ನೀನೇ ತಾನೆ?"

ಬಾತ್‌ರೂಮಿನ ನಲ್ಲಿಯಿಂದ ಒಂದು ಹನಿ ಬಕೆಟ್ಟಿಗೆ ಬಿತ್ತು, ಇನ್ನೊಂದು ಬಿತ್ತು. "ಸಾರಿ ಸರ್," ಎಂದ ಚಿರಂತ್. "ಫಿರ್ ಸೇ ಕರ್ತಾ ಹೂಂ," ಮತ್ತೊಮ್ಮೆ ಮಾಡುತ್ತೇನೆಂದು.

ಪೊನ್ನಣ್ಣನಿಗೆ ಮೊದಲು ಅರ್ಥವಾದದ್ದು ಮಾತಲ್ಲ, ಆ ಮಡಿಸಿದ ಮಫ್ಲರು. ಅವನು ಎಷ್ಟೋ ಜನರ ತಪ್ಪನ್ನು ಮುಚ್ಚಿಹಾಕಿದ್ದ. ಇನ್‌ಸ್ಪೆಕ್ಷನ್ನಿನ ದಿನ ಬೊಳ್ಳಪ್ಪ ಎಂಬ ಹೊಸ ಸಿಪಾಯಿಯ ಪೆಟ್ಟಿಗೆಯನ್ನು ತಾನೇ ಜೋಡಿಸಿಟ್ಟು ಕರ್ನಲ್‌ನಿಂದ ಅವನಿಗೆ ಶಹಬ್ಬಾಸ್ ಕೊಡಿಸಿದ್ದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದ. ತನ್ನ ತಪ್ಪನ್ನು ಇನ್ನೊಬ್ಬ ಮುಚ್ಚಿದ್ದು ಇದೇ ಮೊದಲು. ಅದೂ ಆ ಹುಡುಗ, ಅವನ ನೌಕರಿಯನ್ನೇ ಪಣಕ್ಕಿಟ್ಟು. ಹೊರಗೆ ಹೋದರೆ ತನ್ನ ಮರ್ಯಾದೆ, ಹಂಸಿನಿಯ ಸಂಸ್ಥೆಯ ಹೆಸರು, ನಲವತ್ತೆಂಟು ಹಾಳೆಗಳು, ಎಲ್ಲ ಹರಾಜು. ಹೋಗದಿದ್ದರೆ ಆ ಹುಡುಗನ ನೌಕರಿ. ಇಷ್ಟು ಸುಲಭದ ಲೆಕ್ಕಕ್ಕೆ ಇಷ್ಟು ಹೊತ್ತು ಯಾಕೆ ಬೇಕಾಯಿತೆಂದು ಆಮೇಲೆ ತನ್ನನ್ನೇ ಬೈದುಕೊಂಡ. ಬಾಗಿಲು ದೂಡಿ ಹೊರಗೆ ಬಂದ.

"ಗುಲಾಟಿ ಸಾಹೇಬ್, ಈ ಮೂರು ಹಾಸಿಗೆ ಮಾಡಿದ್ದು ನಾನು." ಅಭ್ಯಾಸಬಲದಿಂದ ಅಟೆನ್ಷನ್ನಿನಲ್ಲಿ ನಿಂತಿದ್ದ, ಒಂದು ಕೈಯಲ್ಲಿ ಯಾವಾಗ ಹಿಡಿದುಕೊಂಡಿದ್ದನೋ, ಹೋಟೆಲಿನ ಪುಟ್ಟ ಸಾಬೂನು ಇತ್ತು. "ಇವನು ಸಡಿಲ ಬಿಟ್ಟಿದ್ದ, ನಾನು ಬಂದು ಬಿಗಿದೆ. ಇವತ್ತು ಮಾತ್ರ ಅಲ್ಲ. ಎರಡು ತಿಂಗಳಿಂದ ದಿನಾ ಬಿಗಿದಿದ್ದೀನಿ. ಹುಡುಗನದು ತಪ್ಪಿಲ್ಲ."

ಗುಲಾಟಿ ಅವನನ್ನೂ ಸಾಬೂನನ್ನೂ ನೋಡಿದ. ಅವನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಹಾಸಿಗೆಯ ತುದಿಯಲ್ಲಿ ಕೂತು ಕಣ್ಣೊರೆಸಿಕೊಂಡ. "ಅರೇ ಫೌಜಿ ಸಾಹೇಬ್! ಮೊದಲ ತಿಂಗಳು ಮೂರನೇ ಮಹಡಿಯಿಂದ ದಿನಾ ಫೋನು. ಒಬ್ಬ ಕಂಬಳಿಯೊಳಗೆ ಹೋಗೋ ಬಾಗಿಲು ಎಲ್ಲಿದೆ ಅಂತಾನೆ, ಇನ್ನೊಬ್ಬ ರಾತ್ರಿಯೆಲ್ಲ ಕೂತೇ ಇದ್ದೆ ಅಂತಾನೆ. ನಿಮಗೆ ಹೇಳೋಣ ಅಂದ್ರೆ ನೀವು ಹೀಗೆ ಎದೆ ಸೆಟೆಸಿ ನಿಂತಿರ್ತೀರಿ, ಯಾರಿಗೆ ಧೈರ್ಯ? ಆಮೇಲೆ ಒಂದು ದಿನ ಫೋನು ನಿಂತೇಹೋಯ್ತು. ಹುಡುಗ ಕಲಿತ ಅಂದುಕೊಂಡೆ. ನೀವು ಎರಡು ತಿಂಗಳಿಂದ ಬಿಗೀತಿದ್ರೆ ಫೋನು ಹೇಗೆ ನಿಲ್ತು?"

ಇಬ್ಬರೂ ಚಿರಂತನನ್ನು ನೋಡಿದರು. ಚಿರಂತ್ ಏಪ್ರನ್ನಿನ ಜೇಬಿನಿಂದ ಕಾರ್ಡುಗಳ ಉಂಗುರ ತೆಗೆದ. ಹೆಬ್ಬೆರಳಿನಿಂದ ಒಂದೊಂದೇ ಸರಿಸಿದ. ಬಾಗಿಲು, ಕಿಟಕಿ, ಚಾದರ, ಪೊನ್ನಣ್ಣನ ಕೈ, ಒಂಬತ್ತನೆಯದು ಮುಚ್ಚಿದ ಬಾಗಿಲು. ಆಮೇಲೆ ಇನ್ನೊಂದು ಇತ್ತು. ಹತ್ತನೆಯದಕ್ಕೆ ಪ್ಲಾಸ್ಟಿಕ್ ಇರಲಿಲ್ಲ. ಸಾಬೂನಿನ ಡಬ್ಬದ ರಟ್ಟು ಕತ್ತರಿಸಿ, ತೂತು ಮಾಡಿ, ಬಾಲ್ ಪೆನ್ನಿನಲ್ಲಿ ಚಿತ್ರ ಬರೆದಿದ್ದ. ದೊಡ್ಡ ಮೀಸೆಯ, ಕುತ್ತಿಗೆಗೆ ಮಫ್ಲರಿನ ಒಬ್ಬ ಮನುಷ್ಯ ಮೆಟ್ಟಿಲಿಳಿದು ಹೋಗುತ್ತಿದ್ದಾನೆ. ಅವನ ಪಕ್ಕದಲ್ಲಿ ಬಾಣದ ಗುರುತು. ಬಾಣದ ಆಚೆ ಒಂದು ಹಾಸಿಗೆ, ಅದರ ಕಾಲ್ದೆಸೆಯಿಂದ ಹೊರಗೆ ಬಂದ ಎರಡು ಪಾದ, ಹತ್ತು ಬೆರಳೂ ಎಣಿಸಿ ಬರೆದದ್ದು.

"ಒಬ್ರು ಆಂಟಿ ಇದ್ರು," ಎಂದ ಚಿರಂತ್, ತನ್ನ ಅರ್ಧ ಕನ್ನಡದಲ್ಲಿ, ಪ್ರತಿ ಮಾತನ್ನೂ ಆರಿಸಿಕೊಂಡು. "ಅವ್ರ ಕಾಲು ನೋವು. ಅಂದರ್ ಹೋಗಲ್ಲ. ನಾನು ಮೂಲೆ ಖೋಲ್ ದಿಯಾ, ಬಿಚ್ಚಿದೆ. ಆಂಟಿ ಖುಷ್. ಆಮೇಲೆ ನಾನು ಸಬ್ ರೂಮ್ ಖೋಲ್ತೀನಿ. ರೋಜ್. ಅಂಕಲ್ ಹೋದ್ಮೇಲೆ. ಇವತ್ತು ಅಂಕಲ್ ಬರಲ್ಲ, ಮೊದಲೇ ಬಿಚ್ಚಿಟ್ಟೆ."

"ದಿನಾ? ಹನ್ನೊಂದೂ ರೂಮು?"

"ಹನ್ನೊಂದು."

"ನಾನು ಬರೋದು ನಿನಗೆ ಗೊತ್ತಿತ್ತೇನೋ?"

"ಅಂಕಲ್, ನೀವು ಮೂಲೆ ಮಾಡುವಾಗ ಗಾನಾ ಹಾಡ್ತೀರಿ. ಜೋರ್ ಸೇ."

ತಾನು ಹಾಡುತ್ತೇನೆಂದು ಅರವತ್ತೊಂದು ವರ್ಷದಲ್ಲಿ ಪೊನ್ನಣ್ಣನಿಗೆ ಯಾರೂ ಹೇಳಿರಲಿಲ್ಲ. "ಮತ್ತೆ ನನಗ್ಯಾಕೆ ಹೇಳಲಿಲ್ಲ?" ಎಂದ.

"ನೀವು ಖುಷಿ ಇದ್ರಿ," ಎಂದ ಚಿರಂತ್, ಇದರಲ್ಲಿ ಕೇಳುವುದೇನಿದೆ ಎಂಬಂತೆ. ಹಾಸಿಗೆಯ ಮೇಲೆ ಕೂತಿದ್ದ ಮ್ಯಾನೇಜರನ್ನು ನೋಡಿ, "ಸರ್, ಉಠಿಯೇ," ಎಂದು ಅವನನ್ನೆಬ್ಬಿಸಿ, ಕೂತಲ್ಲಿ ಬಿದ್ದ ಸುಕ್ಕು ಸವರಿ, ಮೊಣಕಾಲೂರಿ ಎರಡು ಮೂಲೆಯನ್ನೂ ಎಳೆದು ಬಿಚ್ಚಿದ. ಪೊನ್ನಣ್ಣ ಸಾಬೂನನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗಿಳಿಸಿ, ನಿಂತು ನೋಡಿದ. ನಿಜವಾಗಿ ನೋಡಿದ್ದು ಇದೇ ಮೊದಲೇನೋ. ಚಿರಂತ್ ಕಂಬಳಿಯನ್ನು ಬರೀ ಬಿಡುತ್ತಿರಲಿಲ್ಲ. ಅಂಚನ್ನು ಒಂದು ಗೇಣು ಮೇಲಕ್ಕೆ ತಿರುವಿ, ನೇರ ಮಾಡಿ, ಪಾದಕ್ಕೆ ದಾರಿಯಿಟ್ಟು ಬಿಡುತ್ತಿದ್ದ. ಅದಕ್ಕೂ ಒಂದು ಒಪ್ಪವಿತ್ತು. "ಪಕ್ಕಾ," ಎಂದ ಗುಲಾಟಿ. "ನಾಳೆಯಿಂದ ಹುಡುಗ ಪರ್ಮನೆಂಟ್. ಫೇಲಾದದ್ದು ನೀವೊಬ್ಬರೇ, ಫೌಜಿ ಸಾಹೇಬ್. ಚಲೋ, ಕೆಳಗೆ ಬನ್ನಿ, ಚಾಯ್ ಕುಡಿಯೋಣ." ಚಿರಂತ್ ಗಾಡಿಯಿಂದ ಮಫ್ಲರು ತೆಗೆದು ಪೊನ್ನಣ್ಣನ ಕುತ್ತಿಗೆಗೆ ತಾನೇ ಸುತ್ತಿ, ಗಂಟು ಹಾಕಿದ. ಗಂಟು ಸ್ವಲ್ಪ ಓರೆಯಾಗಿತ್ತು, ಪೊನ್ನಣ್ಣ ಅದನ್ನು ಮುಟ್ಟಲಿಲ್ಲ.

"ಅಂಕಲ್, ನಾಳೆ ಬರಲ್ವಾ?"

"ಇಲ್ಲ ಮಗ. ಇನ್ನು ಬರಲ್ಲ."

"ಮೆಟ್ರೋದಲ್ಲೂ?"

ಪೊನ್ನಣ್ಣ ತನ್ನ ಶೂಗಳನ್ನು ನೋಡಿಕೊಂಡ. "ನೀವು ಯಾಕೆ ಬಾಜೂ ಡಿಬ್ಬಾದಲ್ಲಿ ನಿಲ್ತೀರಿ?" ಎಂದು ಕೇಳಿದ ಚಿರಂತ್. "ನನ್ನ ಹತ್ರ ಸೀಟ್ ಇರುತ್ತೆ."

ಕೆಳಗೆ, ಕೆಟ್ಟ ಸ್ಪ್ರಿಂಗಿನ ಸೋಫಾದ ಮೇಲೆ, ಅವನು ದಿನದ ನಮೂನೆ ತೆಗೆದ. 'ಇವತ್ತು ನೀಡಿದ ಸಹಾಯ.' ಪೆನ್ನು ಆ ಮನೆಯ ಮೇಲೆ ನಿಂತಿತು. ಹಿಂದಿನ ನಲವತ್ತೆಂಟು ಹಾಳೆಗಳನ್ನು ಹರಿದುಹಾಕಿ ತಪ್ಪೊಪ್ಪಿಗೆ ಬರೆಯಬೇಕೆಂದು ಮೆಟ್ಟಿಲಿಳಿಯುವಾಗ ತೀರ್ಮಾನಿಸಿದ್ದ. ಈಗ ಕೂತು ಯೋಚಿಸಿದರೆ, ಅಯ್ಯೋ ದೇವರೇ, ಒಂದೂ ಸುಳ್ಳಾಗಿರಲಿಲ್ಲ. ಬೇಕಾಗಿರಲೇ ಇಲ್ಲ. ನಲವತ್ತೆಂಟು ದಿನ ಅವನು ಸುಳ್ಳೆಂದುಕೊಂಡು ನಿಜ ಬರೆದಿದ್ದ. ಸೋಫಾದ ಮೇಲೆ ಒಬ್ಬನೇ ಗಟ್ಟಿಯಾಗಿ ನಕ್ಕುಬಿಟ್ಟ. ಬೀಗದ ಕೈಯ ಗಿರಾಕಿ ಹೆದರಿ ಆಚೆ ಸರಿದ. ಆದರೂ ಹಂಸಿನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದ, ಬಾತ್‌ರೂಮನ್ನೂ ಬಿಡದೆ. ಆ ಕಡೆ ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾಳೆಂದು ಆಮೇಲೆ ತಿಳಿಯಿತು. "ಅಂಕಲ್, ಬೈಬೇಕು ನಿಮಗೆ. ನಾಳೆ ಬೈತೀನಿ," ಎಂದಳು. "ಈಗ ಕೇಳಿ. ರೋಹಿಣಿ ಏರಿಯಾದಲ್ಲಿ ಒಂದು ಕನ್ನಡಕದ ಅಂಗಡಿ, ಲೆನ್ಸ್ ಕೂರಿಸೋ ಕೆಲಸ. ಮಹಂತೇಶ್‌ಗೆ ಆಗುತ್ತೆ ಅನ್ಸುತ್ತೆ. ನೀವು ಹೋಗಿ ನೋಡ್ತೀರಾ?"

"ಹೋಗ್ತೀನಿ. ಮೊದಲು ಅಲ್ಲಿ ಕೂರೋದಕ್ಕೆ ಸ್ಟೂಲ್ ಇದೆಯಾ ನೋಡ್ತೀನಿ," ಎಂದ ಪೊನ್ನಣ್ಣ. ಎಂದವನು ತಡೆದ. "ಬೇಡ ಬೇಡ. ಮೊದಲು ಮಹಂತೇಶನನ್ನೇ ಕೇಳ್ತೀನಿ. ಅವನಿಗೆ ಏನು ಬೇಕು ಅಂತ."

ಮನೆಗೆ ಬಂದಾಗ ಎರಡು ಗಂಟೆ. ಮಂಜು ಕರಗಿ, ಬಾಲ್ಕನಿಯಿಂದ ತೆಳು ಬಿಸಿಲು ಕೋಣೆಯವರೆಗೂ ಬಂದಿತ್ತು. ಚೋಂದಮ್ಮ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದಳು. ಊಟವಾದ ಮೇಲೆ ಅರ್ಧ ಗಂಟೆ ಮಲಗುವುದು ಅವಳ ಪದ್ಧತಿ. ಪೊನ್ನಣ್ಣ ಶೂ ಕೂಡ ಬಿಚ್ಚದೆ ಕೋಣೆಗೆ ಹೋಗಿ ಹಾಸಿಗೆಯ ಮುಂದೆ ನಿಂತ. ಬೆಳಿಗ್ಗೆ ತಾನೇ ಮಾಡಿದ ನಾಲ್ಕು ಮೂಲೆ, ಒಂದು ಸುಕ್ಕಿಲ್ಲ. ಎಳೆಯಲು ಹೋದರೆ ಕೈಯೇ ಒಪ್ಪಲಿಲ್ಲ. ಒಂದು ಸಲ ಎಳೆದು ಮತ್ತೆ ತೂರಿಸಿದ. ಆಮೇಲೆ ಕಣ್ಣು ಮುಚ್ಚಿಕೊಂಡು ಎಳೆದ. ಅಂಚನ್ನು ಒಂದು ಗೇಣು ಮೇಲಕ್ಕೆ ತಿರುವಿದ, ಚಿರಂತ್ ಮಾಡಿದ ಹಾಗೆ. ಓರೆಯಾಯಿತು. ಬಿಚ್ಚಿ ಮತ್ತೆ ತಿರುವಿದ. ಹೊಸ ಕೆಲಸ, ಅಭ್ಯಾಸವಾಗಲು ದಿನ ಹಿಡಿಯುತ್ತದೆ. ಚೋಂದಮ್ಮನ ಹೆಜ್ಜೆ ಕೇಳಿದೊಡನೆ ಕಿಟಕಿಯ ಕಡೆ ಸರಿದು, ಜೇಬಲ್ಲಿ ಕೈಯಿಟ್ಟು, ಎದುರು ಬ್ಲಾಕಿನ ನೀರಿನ ಟ್ಯಾಂಕನ್ನು ನೋಡತೊಡಗಿದ.

ಅವಳು ಮಲಗಿದಳು. ಕಂಬಳಿಯೊಳಗೆ ಒದೆಯಲು ಎಂದಿನಂತೆ ಕಾಲು ಮಡಚಿಕೊಂಡವಳು, ಒದೆದಳು, ಒದೆಗೆ ಏನೂ ಸಿಗದೆ ಕಾಲು ಸೀದಾ ಆಚೆ ಬಂತು.

"ಏನ್ರೀ, ಹುಷಾರಾಗಿದ್ದೀರಾ? ಹಾಸಿಗೆ ಬಿಚ್ಚಿಹೋಗಿದೆ."

"ಬಿಚ್ಚಿಲ್ಲ. ಹಾಗೆ ಮಾಡಿದ್ದು," ಎಂದ, ಟ್ಯಾಂಕಿನಿಂದ ಕಣ್ಣು ತೆಗೆಯದೆ. "ಚಿರಂತ್ ಹೇಳಿಕೊಟ್ಟ. ಅವನಿಗೆ ಪರ್ಮನೆಂಟ್ ಆಯ್ತು."

"ಮೂವತ್ತನಾಲ್ಕು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೆ."

"ಹೌದು," ಎಂದ ಪೊನ್ನಣ್ಣ. "ನೀನು ತಮಾಷೆ ಮಾಡ್ತಿದ್ದೀಯ ಅಂದುಕೊಂಡಿದ್ದೆ."

ಅವನು ತಿರುಗಿ ನೋಡಿದ. ಚೋಂದಮ್ಮ ಕಣ್ಣು ಮುಚ್ಚಿದ್ದಳು, ಮುಖದ ತುಂಬ ನಗು. ಕಂಬಳಿಯ ತುದಿಯಲ್ಲಿ, ಬಿಸಿಲಿನಲ್ಲಿ, ಅವಳ ಹತ್ತು ಬೆರಳೂ ಆಡುತ್ತಿದ್ದವು.